ಕರ್ನಲ್ಲಿನ ತಾತ್ಕಾಲಿಕ ಜೋಡಣೆ: ಮೂರು ವಿಶೇಷಣಗಳ ಚರಿತ್ರೆ

ಲಿನಕ್ಸ್ ಕರ್ನಲ್ಲಿನ ಮೂಲಪಾಠದಲ್ಲಿ ‘ಹೈಮೆಮ್’ ಎಂಬ ಹೆಸರಿನದೊಂದು ಕಡತವುಂಟು. ಅದರ ಮೊದಲಲ್ಲಿರುವ ಟಿಪ್ಪಣಿಯು 1999ನೆಯ ಇಸವಿಯ ಕರ್ತೃತ್ವವನ್ನು ಮೂವರಿಗೆ ಹೇಳುತ್ತದೆ: ಸೂಸೆ ಸಂಸ್ಥೆಯ ಆಂಡ್ರಿಯಾ ಆರ್ಕಾಂಜೆಲಿ, ಸೀಮೆನ್ಸ್ ಸಂಸ್ಥೆಯ ಗೆರ್ಹಾರ್ಡ್ ವಿಷೆರ್ಟ್, ರೆಡ್ ಹ್ಯಾಟ್ ಸಂಸ್ಥೆಯ ಇಂಗೊ ಮೊಲ್ನಾರ್. ಅದೇ ಟಿಪ್ಪಣಿಯಲ್ಲಿ, ಲಿನಸ್ ಟೊರ್ವಾಲ್ಡ್ಸರ ಸೂಚನೆಯಂತೆ ‘ಶಾಶ್ವತ’ವಾದ ಕೆಮ್ಯಾಪುಗಳನ್ನು ರಚಿಸಿದುದಾಗಿಯೂ ತಿಳಿಸಿದೆ. ಕೆಮ್ಯಾಪ್ ಎಂಬುದಾದರೋ, ಕರ್ನಲ್ಲು ಮೆಮೊರಿಯ ಒಂದು ಪುಟವನ್ನು ಅಲ್ಪಕಾಲ ನೋಡುವುದಕ್ಕಾಗಿ ಏರ್ಪಡಿಸಿಕೊಂಡು, ಕೆಲಸ ಮುಗಿದೊಡನೆ ಬಿಟ್ಟುಕೊಡತಕ್ಕ ಜೋಡಣೆ. ಇಂತಹ ಅಲ್ಪಾಯುವಿಗೆ ಶಾಶ್ವತವೆಂಬ ವಿಶೇಷಣವು ಹೇಗೆ ಬಂದಿತು? ಇದು ಬರಿಯ ಮಾತಿನ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇದೇ ಜೋಡಣೆಯ ಮುಂದಿನ ಎರಡು ರೂಪಗಳಿಗೆ ‘ಅಟಾಮಿಕ್’ ಎಂದೂ ‘ಲೋಕಲ್’ ಎಂದೂ, ಎಂದರೆ ಅವಿಭಾಜ್ಯವೆಂದೂ ಸ್ಥಳೀಯವೆಂದೂ ವಿಶೇಷಣಗಳು ಬಂದುವು. ಈ ಮೂರು ಮಾತುಗಳನ್ನು ಒಟ್ಟಿಗಿಟ್ಟು ನೋಡಿದಾಗ, ಒಂದೇ ತೊಡಕನ್ನು ಮೂರು ಕಾಲದವರು ಹೇಗೆ ಕಂಡರೆಂಬುದು ತಿಳಿದುಬರುವುದು.

ಮೊದಲು ವಿಷಯದ ಸ್ವರೂಪವನ್ನು ಹೇಳಬೇಕಾಗಿದೆ. ಗಣಕಯಂತ್ರದ ಕಾರ್ಯವ್ಯವಸ್ಥೆಯಲ್ಲಿ ಕರ್ನಲ್ಲೆಂಬುದು ತಿರುಳು; ಯಂತ್ರದ ಮೆಮೊರಿಯೆಲ್ಲವೂ ಅದರ ಅಧೀನದಲ್ಲಿರುವುದು. ಆದರೆ ಅಧೀನದಲ್ಲಿರುವುದು ಬೇರೆ, ಕೈಗೆ ಎಟಕುವುದು ಬೇರೆ. ಪ್ರೊಸೆಸರು ಮೆಮೊರಿಯನ್ನು ವಿಳಾಸದ ಮೂಲಕವೇ ಮುಟ್ಟಬೇಕು. ವಿಳಾಸಗಳ ಸಂಖ್ಯೆಯು ಪ್ರೊಸೆಸರಿನ ರಚನೆಯಿಂದ ನಿರ್ಣಯವಾಗುವುದು. 32 ಬಿಟ್ಟಿನ ವಿಳಾಸದಿಂದ 4 ಗಿಗಾಬೈಟಿನಷ್ಟನ್ನು ಹೆಸರಿಸಬಹುದು. ಅದಕ್ಕಿಂತ ಹೆಚ್ಚು ಮೆಮೊರಿಯನ್ನು ಯಂತ್ರಕ್ಕೆ ತುಂಬಿದರೆ, ಉಳಿದ ಭಾಗವು ಇದ್ದೂ ಕಾಣದಂತೆ ಇರುವುದು. ಆಗ ಉಳಿಯುವ ಉಪಾಯವೊಂದೇ. ಕೆಲವು ವಿಳಾಸಗಳನ್ನು ಕಿಟಕಿಯಂತೆ ಕಾದಿರಿಸಿ, ಬೇಕಾದ ಪುಟವನ್ನು ಆ ಕಿಟಕಿಯ ಹಿಂದೆ ತಂದು ನಿಲ್ಲಿಸಿ, ಓದಿ ಬರೆದು, ಮತ್ತೆ ಬೇರೊಂದು ಪುಟಕ್ಕೆ ಅದೇ ಕಿಟಕಿಯನ್ನು ಬಳಸುವುದು. ಯಾವ ವಿಳಾಸದ ಹಿಂದೆ ಯಾವ ಪುಟವಿದೆಯೆಂಬುದನ್ನು ಪುಟಪಟ್ಟಿಯೆಂಬ ಕೋಷ್ಟಕದಲ್ಲಿ ಬರೆದಿಡಲಾಗುವುದು. ಪ್ರತಿಸಲವೂ ಕೋಷ್ಟಕವನ್ನು ತೆರೆದು ನೋಡುವುದು ನಿಧಾನವಾದುದರಿಂದ, ಪ್ರೊಸೆಸರು ಇತ್ತೀಚೆಗೆ ನೋಡಿದ ಸಾಲುಗಳನ್ನು ಟಿ.ಎಲ್.ಬಿ. ಎಂಬ ಒಳಗಣ ಟಿಪ್ಪಣಿಯಲ್ಲಿ ನಕಲುಮಾಡಿಟ್ಟುಕೊಳ್ಳುವುದು. ತೊಡಕೆಲ್ಲ ಹುಟ್ಟಿದುದು ಈ ನಕಲಿನಿಂದ. ಕೋಷ್ಟಕವನ್ನು ತಿದ್ದಿದರೂ ನಕಲು ಹಳೆಯದಾಗಿಯೇ ಉಳಿದೀತು. ಯಂತ್ರದಲ್ಲಿ ಹಲವು ಪ್ರೊಸೆಸರುಗಳಿದ್ದರೆ ಪ್ರತಿಯೊಂದರ ನಕಲೂ ಬೇರೆ ಬೇರೆ. ಕಿಟಕಿಯನ್ನು ತೆರೆಯುವುದಕ್ಕೆ ಕೋಷ್ಟಕದಲ್ಲಿ ಒಂದು ಸಾಲನ್ನು ಬರೆದರೆ ಸಾಕು. ಮುಚ್ಚುವುದಕ್ಕೆ ಮಾತ್ರ ಎಲ್ಲರ ಹಳೆಯ ನಕಲುಗಳನ್ನೂ ಅಳಿಸಬೇಕು. ಆದುದರಿಂದ ತಾತ್ಕಾಲಿಕ ಜೋಡಣೆಯ ಚರಿತ್ರೆಯು ವಾಸ್ತವವಾಗಿ ಮುಚ್ಚುವಿಕೆಯ ಚರಿತ್ರೆ. ಮುಚ್ಚುವ ವೆಚ್ಚವನ್ನು ಯಾರು ತೆರಬೇಕೆಂಬುದರ ಚರಿತ್ರೆ.

ಈ ಉಪಾಯವು 1999ರಲ್ಲಿ ಹೊಸದಾಗಿ ಹುಟ್ಟಿದುದಲ್ಲ. 1975ನೆಯ ಇಸವಿಯ ಆರನೆಯ ಆವೃತ್ತಿಯ ಯೂನಿಕ್ಸಿನಲ್ಲಿ ಇದರ ಪೂರ್ವರೂಪವು ಸ್ಪಷ್ಟವಾಗಿಯೇ ಕಾಣುವುದು. ಅದು ನಡೆಯುತ್ತಿದ್ದ ಪಿಡಿಪಿ-11 ಯಂತ್ರದ ವಿಳಾಸವು 16 ಬಿಟ್ಟಿನದು. ಒಂದು ಸಲಕ್ಕೆ 64 ಕಿಲೋಬೈಟು ಮಾತ್ರ ಕಾಣುವುದು. 11/40 ಎಂಬ ಮಾದರಿಗಾದರೋ 18 ಬಿಟ್ಟಿನ ಭೌತಿಕ ವಿಳಾಸವಿದ್ದು, 256 ಕಿಲೋಬೈಟಿನವರೆಗೆ ಹೆಸರಿಸಬಹುದಾಗಿದ್ದಿತು. ಮೆಮೊರಿಯ ಒಂದು ತುಣುಕನ್ನು ಇನ್ನೊಂದೆಡೆಗೆ ನಕಲುಮಾಡಬೇಕಾದಾಗ ‘ಕಾಪಿಸೆಗ್’ ಎಂಬ ಸಣ್ಣ ಕಾರ್ಯಭಾಗವು ಮಾಡುತ್ತಿದ್ದುದು ಇಷ್ಟು: ಬಳಕೆದಾರನ ಎರಡು ಜೋಡಣೆಯ ರಿಜಿಸ್ಟರುಗಳಲ್ಲಿದ್ದ ಹಳೆಯ ಬೆಲೆಗಳನ್ನು ಸ್ಟ್ಯಾಕಿನ ಮೇಲಿಟ್ಟು, ಪ್ರೊಸೆಸರಿನ ಆದ್ಯತೆಯನ್ನು 7ಕ್ಕೇರಿಸಿ, ಎಂದರೆ ಯಾವ ಅಡ್ಡಿಯ ಕರೆಯೂ ನಡುವೆ ಬಾರದಂತೆ ಬಾಗಿಲು ಹಾಕಿ, ಆ ಎರಡು ರಿಜಿಸ್ಟರುಗಳನ್ನು ಮೂಲಕ್ಕೂ ಗಮ್ಯಕ್ಕೂ ತಿರುಗಿಸಿ, 32 ಪದಗಳನ್ನು ಒಂದೊಂದಾಗಿ ಸಾಗಿಸಿ, ಕೊನೆಗೆ ಹಳೆಯ ಬೆಲೆಗಳನ್ನು ಇಟ್ಟ ಕ್ರಮಕ್ಕೆ ವಿಪರೀತವಾಗಿ ತೆಗೆದು ಮೊದಲಿದ್ದಂತೆ ಮಾಡುವುದು. ಈ ಹತ್ತಿಪ್ಪತ್ತು ಸಾಲುಗಳಲ್ಲಿ ಮುಂದಿನ ಕಾಲದ ಎರಡು ಲಕ್ಷಣಗಳು ಬೀಜರೂಪವಾಗಿವೆ. ಕಿಟಕಿ ತೆರೆದಿರುವಾಗ ಬೇರೆಯವರು ನುಗ್ಗಬಾರದೆಂಬುದು ಒಂದು. ಕೊನೆಗೆ ತೆರೆದುದನ್ನು ಮೊದಲು ಮುಚ್ಚಬೇಕೆಂಬುದು ಇನ್ನೊಂದು. ಆದರೆ ಅಲ್ಲಿ ಕೋಷ್ಟಕದ ನಕಲೆಂಬುದಿರಲಿಲ್ಲ; ರಿಜಿಸ್ಟರೇ ಕೋಷ್ಟಕ. ಪ್ರೊಸೆಸರೂ ಒಂದೇ. ಹಾಗಾಗಿ ಮುಚ್ಚುವುದು ಅಗ್ಗವಾಗಿದ್ದಿತು, ಯಾರೂ ಅದನ್ನು ಒಂದು ಸಮಸ್ಯೆಯೆಂದು ಎಣಿಸಲಿಲ್ಲ.

ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಟೊರ್ವಾಲ್ಡ್ಸರು 1991ರಲ್ಲಿ ಲಿನಕ್ಸನ್ನು ಆರಂಭಿಸಿದುದು ಇಂಟೆಲ್ಲಿನ 80386 ಪ್ರೊಸೆಸರಿನ ಮೇಲೆ. 1985ರಲ್ಲಿ ಹೊರಬಂದ ಆ ಪ್ರೊಸೆಸರಿಗೆ 4 ಗಿಗಾಬೈಟು ವಿಳಾಸಗಳಿದ್ದುವು. ಯಂತ್ರಗಳಲ್ಲಿದ್ದ ಮೆಮೊರಿ ಕೆಲವು ಮೆಗಾಬೈಟು. ಮನೆ ದೊಡ್ಡದು, ಸಾಮಾನು ಕಡಿಮೆ. ಮುಂದೆ ನೆಲೆಗೊಂಡ ಹಂಚಿಕೆಯಂತೆ 3 ಗಿಗಾಬೈಟು ಬಳಕೆದಾರನ ಕಾರ್ಯಕ್ಕೂ, 1 ಗಿಗಾಬೈಟು ಕರ್ನಲ್ಲಿಗೂ ಮೀಸಲಾಯಿತು. ಕರ್ನಲ್ಲಿನ ಪಾಲಿನಲ್ಲಿ 896 ಮೆಗಾಬೈಟನ್ನು ಭೌತಿಕ ಮೆಮೊರಿಗೆ ನೇರವಾಗಿ, ಒಂದೇ ಸಲಕ್ಕೆ, ಕೊನೆಯವರೆಗೂ ಜೋಡಿಸಿಡಲಾಯಿತು. ಉಳಿದ 128 ಮೆಗಾಬೈಟು ಇತರ ಅಗತ್ಯಗಳಿಗಾಯಿತು. ಈ ನೇರ ಜೋಡಣೆಯೇ ನಿಜವಾಗಿ ಶಾಶ್ವತವಾದುದು. ವಿಳಾಸ ಬೇಕೆಂದರೆ ಒಂದು ಸಂಕಲನ ಮಾಡಿದರಾಯಿತು; ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ.

1995ರಲ್ಲಿ ಬಂದ ಪೆಂಟಿಯಮ್ ಪ್ರೊ ಪ್ರೊಸೆಸರು ಈ ಸುಖವನ್ನು ಕೆಡಿಸಿತು. ಪಿ.ಎ.ಇ. ಎಂಬ ವಿಸ್ತರಣೆಯಿಂದ ಅದು ಭೌತಿಕ ವಿಳಾಸವನ್ನು 36 ಬಿಟ್ಟಿಗೆ, ಎಂದರೆ 64 ಗಿಗಾಬೈಟಿಗೆ ಬೆಳೆಯಿಸಿತು. ಕಾರ್ಯಕ್ರಮವು ಬಳಸುವ ವಿಳಾಸ ಮಾತ್ರ 32 ಬಿಟ್ಟಿನದಾಗಿಯೇ ಉಳಿಯಿತು. ದೊಡ್ಡ ದತ್ತಸಂಚಯಗಳನ್ನು ನಡೆಸುವವರಿಗೆ ಈ ಮೆಮೊರಿ ಬೇಕಾಗಿದ್ದಿತು. ಮೇಲೆ ಹೇಳಿದ ಮೂವರ ಕೆಲಸವು 1999ರಲ್ಲಿ ನಡೆದುದು ಇದಕ್ಕಾಗಿ. ಅದು 2001ರ ಜನವರಿಯಲ್ಲಿ ಪ್ರಕಟವಾದ 2.4ನೆಯ ಆವೃತ್ತಿಯೊಡನೆ ಎಲ್ಲರ ಕೈಸೇರಿತು. 896 ಮೆಗಾಬೈಟಿನಿಂದ ಮೇಲಣ ಮೆಮೊರಿಗೆ ‘ಹೈಮೆಮ್’ ಎಂದು ಹೆಸರಾಯಿತು. ಅದನ್ನು ಕರ್ನಲ್ಲು ಮುಟ್ಟಬೇಕಾದರೆ ಕಿಟಕಿಯ ಮೂಲಕವೇ ಮುಟ್ಟಬೇಕು.

ಕಿಟಕಿಗಳ ಸಂಖ್ಯೆಯು 1024, ಪಿ.ಎ.ಇ. ಇದ್ದಲ್ಲಿ 512. ಈ ಸಂಖ್ಯೆಗಳು ಯಾರೋ ಮನಬಂದಂತೆ ಇಟ್ಟವಲ್ಲ. ಪುಟಪಟ್ಟಿಯ ಒಂದು ಹಾಳೆಯು 4096 ಬೈಟು. ಸಾಲೊಂದಕ್ಕೆ 4 ಬೈಟಾದರೆ 1024 ಸಾಲು, 8 ಬೈಟಾದರೆ 512. ಪ್ರತಿ ಕಿಟಕಿಗೂ ಒಂದು ಎಣಿಕೆಯನ್ನು ಇಡಲಾಗಿದ್ದಿತು. ಈ ಎಣಿಕೆಯ ರೀತಿಯು ವಿಚಾರಾರ್ಹವಾದುದು. ಸೊನ್ನೆಯೆಂದರೆ ಖಾಲಿ. ಎರಡೆಂದರೆ ಒಬ್ಬ ಬಳಕೆದಾರ, ಮೂರೆಂದರೆ ಇಬ್ಬರು. ಒಂದು ಎಂದರೆ ಯಾರೂ ಬಳಸುತ್ತಿಲ್ಲ, ಆದರೆ ಪ್ರೊಸೆಸರುಗಳ ನಕಲುಗಳಲ್ಲಿ ಹಳೆಯ ಸಾಲು ಇನ್ನೂ ಉಳಿದಿರಬಹುದು. ಆದುದರಿಂದ ಮತ್ತೊಬ್ಬರಿಗೆ ಕೊಡುವಂತಿಲ್ಲ. ಮನೆಯಲ್ಲಿ ಸಾವು ನಡೆದಮೇಲೆ ಸೂತಕವು ಕಳೆಯುವವರೆಗೆ ಕಾಯುವಂತೆ, ಮುಚ್ಚಿದ ಕಿಟಕಿಗೂ ಒಂದು ಅವಧಿ. ಕರ್ನಲ್ಲು ಸಾಲಾಗಿ ಒಂದೊಂದೇ ಕಿಟಕಿಯನ್ನು ಕೊಡುತ್ತ ಹೋಗಿ, ಕೊನೆಯನ್ನು ಮುಟ್ಟಿ ಮತ್ತೆ ಮೊದಲಿಗೆ ಬಂದಾಗ, ಸೂತಕದಲ್ಲಿರುವ ಎಲ್ಲವನ್ನೂ ಒಟ್ಟಿಗೆ ಶುದ್ಧಿಮಾಡುವುದು. ಆಗ ಎಲ್ಲ ಪ್ರೊಸೆಸರುಗಳಿಗೂ ಸಂದೇಶ ಹೋಗಿ, ಪ್ರತಿಯೊಂದೂ ತನ್ನ ಕೆಲಸವನ್ನು ನಿಲ್ಲಿಸಿ ನಕಲನ್ನು ಅಳಿಸಬೇಕು. ಒಂದೊಂದು ಮುಚ್ಚುವಿಕೆಗೂ ಈ ಡಂಗುರವನ್ನು ಸಾರಿಸುವುದಕ್ಕಿಂತ, ನೂರಾರು ಮುಚ್ಚುವಿಕೆಗಳಿಗೆ ಒಂದೇ ಸಲ ಸಾರಿಸುವುದು ಲಾಭಕರವೆಂಬುದು ಇಲ್ಲಿಯ ಯುಕ್ತಿ.

ಯುಕ್ತಿಯು ಒಳ್ಳೆಯದೇ, ಆದರೆ ವೆಚ್ಚವು ಕಿಟಕಿ ತೆರೆದವನ ಮೇಲೆ ಬೀಳದೆ ಎಲ್ಲ ಪ್ರೊಸೆಸರುಗಳ ಮೇಲೂ ಬೀಳುತ್ತಿದ್ದಿತು. ಪ್ರೊಸೆಸರುಗಳ ಸಂಖ್ಯೆ ಹೆಚ್ಚಿದಂತೆಲ್ಲ ಈ ತೆರಿಗೆಯೂ ಹೆಚ್ಚಿತು; ಕಿಟಕಿಗಳೆಲ್ಲಕ್ಕೂ ಒಂದೇ ಬೀಗವಿದ್ದುದರಿಂದ ನೂಕುನುಗ್ಗಲೂ ಆಯಿತು. ಕಿಟಕಿಗಳು ಮುಗಿದುಹೋದರೆ ಕೇಳಿದ ಕಾರ್ಯವು ಮಲಗಿ ಕಾಯಬೇಕು. ಪ್ರತಿ ಕಾರ್ಯವೂ ಒಂದು ಕಿಟಕಿಯನ್ನು ಹಿಡಿದುಕೊಂಡು ಎರಡನೆಯದಕ್ಕೆ ಕಾದರೆ, ಯಾರೂ ಬಿಡದೆ ಯಾರಿಗೂ ಸಿಗದೆ ಎಲ್ಲರೂ ಮಲಗಿಯೇ ಉಳಿದಾರು. ಮಲಗುವ ಸಂಭವವಿರುವುದರಿಂದ, ಅಡ್ಡಿಯ ಕರೆಯನ್ನು ನಿರ್ವಹಿಸುವ ಕಾರ್ಯಭಾಗವು ಕೆಮ್ಯಾಪನ್ನು ಬಳಸುವಂತೆಯೇ ಇರಲಿಲ್ಲ.

‘ಶಾಶ್ವತ’ವೆಂಬ ಮಾತಿನ ಅರ್ಥವು ಇಲ್ಲಿ ತಿಳಿಯುವುದು. ಟಿಪ್ಪಣಿಯೇ ಅದರ ಪಕ್ಕದಲ್ಲಿ, ಕಾರ್ಯವು ಪ್ರೊಸೆಸರನ್ನು ಬಿಟ್ಟುಕೊಟ್ಟು ಮಲಗಬಹುದಾದ ಜೋಡಣೆಯೆಂದು ಸೂಚಿಸಿದೆ. ಅದನ್ನು ಬಳಸುತ್ತಿರುವ ಕಾರ್ಯವು ಮಲಗಿ ಎದ್ದು, ಬೇರೆ ಪ್ರೊಸೆಸರಿಗೆ ಹೋದರೂ ಕಿಟಕಿಯು ಇದ್ದಲ್ಲಿಯೇ ಇರುವುದು; ನಿದ್ರೆಯನ್ನು ದಾಟಿ ಉಳಿಯುವುದರಿಂದ ಅದು ಶಾಶ್ವತ. ಒಂದು ವಿಶೇಷಣದ ಅರ್ಥವನ್ನು ಅದರ ಎದುರು ನಿಂತ ವಿಶೇಷಣದಿಂದಲೇ ನಿಶ್ಚಯಿಸಬೇಕೆಂಬುದು ಶಬ್ದಾರ್ಥವನ್ನು ವಿಚಾರಿಸುವವರಿಗೆ ಹೊಸದಲ್ಲ. ಇಲ್ಲಿ ಎದುರು ನಿಂತುದು ‘ಅಟಾಮಿಕ್’.

ಕೆಮ್ಯಾಪ್ ಅಟಾಮಿಕ್ಕಿನಲ್ಲಿ ಪ್ರತಿಯೊಂದು ಪ್ರೊಸೆಸರಿಗೂ ಅದರದೇ ಆದ ಕೆಲವು ಕಿಟಕಿಗಳು. ತನ್ನ ಕಿಟಕಿಯನ್ನು ತಾನೊಬ್ಬನೇ ನೋಡುವುದರಿಂದ ತನ್ನ ನಕಲಿನಲ್ಲಿ ಆ ಒಂದು ಸಾಲನ್ನು ಅಳಿಸಿದರೆ ಸಾಕು, ಡಂಗುರವಿಲ್ಲ, ಬೀಗವಿಲ್ಲ. 2.4ನೆಯ ಆವೃತ್ತಿಯಲ್ಲಿ, ದೋಷಪರೀಕ್ಷೆಯ ಸಂದರ್ಭವನ್ನು ಬಿಟ್ಟರೆ, ಮುಚ್ಚುವ ಕರೆಯು ಏನನ್ನೂ ಮಾಡುತ್ತಿರಲಿಲ್ಲ. ಮುಂದಣ ಬಳಕೆದಾರನು ತೆರೆಯುವಾಗ ಹಿಂದಿನವನದು ತಾನಾಗಿ ಅಳಿಯುತ್ತಿದ್ದಿತು. ಈ ಅಗ್ಗಕ್ಕೆ ತೆತ್ತ ಬೆಲೆಯೆಂದರೆ, ಕಿಟಕಿ ತೆರೆದಿರುವಾಗ ಕಾರ್ಯವು ಆ ಪ್ರೊಸೆಸರನ್ನು ಬಿಡುವಂತಿಲ್ಲ, ಮಲಗುವಂತಿಲ್ಲ, ಪುಟದೋಷವು ಬಂದರೆ ಅದನ್ನು ಸರಿಪಡಿಸುವಂತೆಯೂ ಇಲ್ಲ. ಪಿಡಿಪಿ-11ರಲ್ಲಿ ಆದ್ಯತೆಯನ್ನು 7ಕ್ಕೇರಿಸಿದುದರ ವಂಶಸ್ಥವೇ ಇದು.

ಈ ಕಿಟಕಿಗಳನ್ನು ಹಂಚಿಕೊಂಡ ಬಗೆಯಲ್ಲಿ ಒಂದು ಕುತೂಹಲವಿದೆ. ಮೊದಲ ಹತ್ತು ವರ್ಷ ಪ್ರತಿ ಕಿಟಕಿಗೂ ಒಂದು ಹೆಸರಿದ್ದಿತು: ಬಳಕೆದಾರನ ಕೆಲಸಕ್ಕೆ ಯೂಸರ್ ಸೊನ್ನೆ, ಯೂಸರ್ ಒಂದು; ಅಡ್ಡಿಯ ಕರೆಗೆ ಐ.ಆರ್.ಕ್ಯೂ. ಸೊನ್ನೆ, ಐ.ಆರ್.ಕ್ಯೂ. ಒಂದು, ಪುಟಪಟ್ಟಿಗೆ ಪಿ.ಟಿ.ಇ. ಸೊನ್ನೆ, ಹೀಗೆ ಹತ್ತಕ್ಕೂ ಮಿಕ್ಕಿ. ಯಾವ ಸಂದರ್ಭದಲ್ಲಿ ಯಾವ ಹೆಸರನ್ನು ಹಿಡಿಯಬೇಕೆಂಬುದನ್ನು ಬರೆಯುವವನೇ ನೆನಪಿಡಬೇಕು. ಅಡ್ಡಿಯ ಕರೆಯೊಳಗೆ ತಪ್ಪಿ ಯೂಸರ್ ಸೊನ್ನೆಯನ್ನು ಹಿಡಿದರೆ, ಹೊರಗೆ ಅದೇ ಕಿಟಕಿಯಲ್ಲಿ ಬರೆಯುತ್ತಿದ್ದವನ ಕಾಲಕೆಳಗಿನ ಪುಟವೇ ಬದಲಾಗಿಹೋಗುವುದು. ಅವನು ಇನ್ನೊಬ್ಬರ ದತ್ತವನ್ನು ಅರಿಯದೆ ಕೆಡಿಸುವನು, ಯಾವ ಎಚ್ಚರಿಕೆಯೂ ಹೊರಡದು. 2010ರಲ್ಲಿ ಪೀಟರ್ ಜಿಲ್ಸ್ಟ್ರಾ ಅವರು ಹೆಸರುಗಳನ್ನೆಲ್ಲ ತೆಗೆದು, ಕಿಟಕಿಗಳನ್ನು ಸ್ಟ್ಯಾಕಿನ ಕ್ರಮದಲ್ಲಿ ಕೊಡುವಂತೆ ಮಾಡಿದರು, 2.6.37ನೆಯ ಆವೃತ್ತಿಯಲ್ಲಿ ಅದು ಸೇರಿತು. ಕೊನೆಗೆ ತೆರೆದವನು ಮೊದಲು ಮುಚ್ಚಬೇಕೆಂಬ ನಿಯಮವೊಂದನ್ನು ಪಾಲಿಸಿದರೆ, ಹೆಸರಿನ ತಪ್ಪು ಹುಟ್ಟುವಂತೆಯೇ ಇಲ್ಲ. ಮೂಲಪಾಠದ ಮೂಲೆಮೂಲೆಗಳಲ್ಲಿ ಉಳಿದಿದ್ದ ಹೆಸರುಗಳನ್ನು ಕೀಳುವುದು 2012ರವರೆಗೆ ಹಿಡಿಯಿತು. 1975ರ ಕಾಪಿಸೆಗ್ಗಿನಲ್ಲಿದ್ದ ಶಿಸ್ತು 35 ವರ್ಷಗಳ ಮೇಲೆ ಮರಳಿದಂತಾಯಿತು. ಹಿಂದಿನವರದನ್ನು ಮುಂದಿನವರು ಮರೆತರೆಂದು ಇದರಿಂದ ಹೇಳುವುದು ಸರಿಯಲ್ಲ. ಹೆಸರಿಟ್ಟ ಕಿಟಕಿಗೆ ಎಣಿಕೆಯ ಕೆಲಸವಿಲ್ಲ. 1999ರ ಕರ್ತೃಗಳಿಗೆ ಆ ಉಳಿತಾಯವು ದೊಡ್ಡದಾಗಿ ಕಂಡಿತು, ಬರೆಯುವವನ ನೆನಪಿನ ಮೇಲೆ ಬೀಳುವ ಹೊರೆಯು ಚಿಕ್ಕದಾಗಿ ಕಂಡಿತು. ಅನುಭವವು ತಕ್ಕಡಿಯನ್ನು ತಿರುಗಿಸಿತು.

ಕಿಟಕಿಯೇ ಬೇಡವೆಂದವರೂ ಉಂಟು. 2003ರಲ್ಲಿ ಮೊಲ್ನಾರರೇ ಕರ್ನಲ್ಲಿಗೆ 4 ಗಿಗಾಬೈಟು, ಬಳಕೆದಾರನಿಗೆ ಬೇರೆ 4 ಗಿಗಾಬೈಟು ಕೊಡುವ ಏರ್ಪಾಟನ್ನು ರಚಿಸಿದರು. ಅದಕ್ಕೆ ಬಲವಾದ ಕಾರಣವಿದ್ದಿತು. 64 ಗಿಗಾಬೈಟಿನಲ್ಲಿ 4 ಕಿಲೋಬೈಟಿನ ಪುಟಗಳು 1,67,77,216; ಪ್ರತಿಯೊಂದಕ್ಕೂ 32 ಬೈಟಿನ ವಿವರಪತ್ರವೆಂದರೂ ಅವುಗಳಿಗೇ 512 ಮೆಗಾಬೈಟು ಬೇಕು; ಅವು ಇರಬೇಕಾದುದಾದರೋ ಆ 896ರ ಒಳಗೆ. ಕಿಟಕಿಗಳು ಪುಟವನ್ನು ತೋರಿಸಿಯಾವು, ಪುಟಗಳ ಲೆಕ್ಕದ ಪುಸ್ತಕಕ್ಕೆ ಜಾಗವನ್ನು ಕೊಡಲಾರವು. ರೆಡ್ ಹ್ಯಾಟ್ ಸಂಸ್ಥೆಯು ತನ್ನ ಎಂಟರ್‌ಪ್ರೈಸ್ ಲಿನಕ್ಸಿನ 3ನೆಯ ಆವೃತ್ತಿಯಲ್ಲಿ ಇದನ್ನು ‘ಹ್ಯೂಜ್‌ಮೆಮ್’ ಎಂಬ ಹೆಸರಿನಿಂದ ಕೊಟ್ಟಿತು. ಆದರೆ ಕರ್ನಲ್ಲನ್ನು ಪ್ರತಿಸಲ ಹೊಕ್ಕಾಗಲೂ ಹೊರಟಾಗಲೂ ಪುಟಪಟ್ಟಿಯನ್ನೇ ಬದಲಿಸಿ ನಕಲನ್ನೆಲ್ಲ ಅಳಿಸಬೇಕಾಗಿದ್ದುದರಿಂದ, ಕಿಟಕಿಯ ವೆಚ್ಚವನ್ನು ತಪ್ಪಿಸಹೋಗಿ ಬಾಗಿಲಿನ ವೆಚ್ಚವನ್ನು ಹೊತ್ತಂತಾಯಿತು. ಫ್ರೀಬಿಎಸ್‌ಡಿಯವರ ದಾರಿ ಬೇರೆ. ರೈಸ್ ವಿಶ್ವವಿದ್ಯಾನಿಲಯದ ಆಲನ್ ಕಾಕ್ಸ್ ಮೊದಲಾದವರು 2005ರಲ್ಲಿ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಲೇಖನದಂತೆ, ಅಲ್ಲಿ ಮುಚ್ಚಿದ ಕಿಟಕಿಯ ಹಿಂದಣ ಪುಟವನ್ನು ಕೂಡಲೆ ತೆಗೆಯದೆ ಹಾಗೆಯೇ ಬಿಟ್ಟು, ಅದೇ ಪುಟವು ಮತ್ತೆ ಬೇಕಾದರೆ ಅದೇ ಕಿಟಕಿಯನ್ನು ಕೊಡುವುದು. ಒಂದೇ ಪ್ರೊಸೆಸರು ನೋಡುವ ಜೋಡಣೆಯಾದರೆ ಕೇಳುವವನೇ ಹಾಗೆಂದು ಮೊದಲು ತಿಳಿಸುವುದು. ಕೇಳುವವನು ತನಗೆ ಬೇಕಾದುದನ್ನು ಮಾತ್ರ ಹೇಳಬೇಕು, ಅದನ್ನು ನೆರವೇರಿಸುವ ರೀತಿಯು ಯಂತ್ರಯಂತ್ರಕ್ಕೂ ಬೇರೆಯಾಗಬಹುದೆಂಬ ವಿವೇಕವು ಇಲ್ಲಿ ಲಿನಕ್ಸಿಗಿಂತ ಮೊದಲು ಕಂಡುಬರುವುದು.

ಈ ವಿವೇಕದ ಅಭಾವವೇ ಮುಂದೆ ಲಿನಕ್ಸನ್ನು ಕಾಡಿತು. 2003ರಲ್ಲಿ ಎ.ಎಂ.ಡಿ.ಯ ಆಪ್ಟೆರಾನ್ ಬಂದ ಮೇಲೆ 64 ಬಿಟ್ಟಿನ ವಿಳಾಸಗಳು ಸಾಮಾನ್ಯ ಯಂತ್ರಗಳಿಗೂ ದೊರೆತುವು. ಮೆಮೊರಿಯೆಲ್ಲವೂ ಮತ್ತೆ ನೇರ ಜೋಡಣೆಯೊಳಗೆ ಬಂದಿತು. ಕಿಟಕಿಯ ಅಗತ್ಯವೇ ಹೋಯಿತು. ಕೆಮ್ಯಾಪ್ ಎಂದು ಬರೆದರೆ ಅಲ್ಲಿ ನಡೆಯುವುದು ಒಂದು ಸಂಕಲನ ಮಾತ್ರ. ಆದರೆ ಕೆಮ್ಯಾಪ್ ಅಟಾಮಿಕ್ ಎಂದು ಬರೆದರೆ, ಕಿಟಕಿಯಿಲ್ಲದಿದ್ದರೂ ಪ್ರೊಸೆಸರನ್ನು ಬಿಟ್ಟುಕೊಡುವುದು ನಿಲ್ಲುತ್ತಿದ್ದಿತು, ಪುಟದೋಷದ ನಿರ್ವಹಣೆಯೂ ನಿಲ್ಲುತ್ತಿದ್ದಿತು. ಆ ನಿಷೇಧಗಳು ಮೊದಲು ಒಂದು ಯಂತ್ರದ ಬಡತನದಿಂದ ಹುಟ್ಟಿದ ಉಪಾಯಗಳು. ಕಾಲಕ್ರಮದಲ್ಲಿ ಅವು ಆ ಮಾತಿನ ಅರ್ಥದಲ್ಲಿಯೇ ಸೇರಿಕೊಂಡುವು. ಎಷ್ಟರಮಟ್ಟಿಗೆಂದರೆ, ಕೆಲವೆಡೆ ಬರೆದವರು ಜೋಡಣೆಗಿಂತ ಆ ನಿಷೇಧಗಳನ್ನೇ ನೆಚ್ಚಿಕೊಂಡಿದ್ದರು. ಹೀಗಾಗಿ ಒಂದು ಕರೆಯನ್ನು ಬದಲಿಸಬೇಕಾದರೆ, ಅಲ್ಲಿ ಬೇಕಾಗಿದ್ದುದು ಪುಟವೋ ನಿಷೇಧವೋ ಎಂದು ಸಾಲುಸಾಲಾಗಿ ಓದಿ ನಿರ್ಣಯಿಸಬೇಕಾಯಿತು. ಬಡವರ ಕೇರಿಗೆಂದು ಮಾಡಿದ ಕಟ್ಟಳೆಯನ್ನು ಊರೆಲ್ಲ ಪಾಲಿಸುತ್ತ, ಕೇರಿಯು ಖಾಲಿಯಾದ ಮೇಲೂ ಬಿಡಲಾಗದಿದ್ದಂತೆ.

ಇದರಿಂದ ಹೆಚ್ಚಾಗಿ ನೊಂದವರು ನಿಯತಕಾಲದ ವ್ಯವಸ್ಥೆಗಳನ್ನು ಕಟ್ಟುವವರು. ಯಂತ್ರವನ್ನು ನಿಯಂತ್ರಿಸುವ ಕಾರ್ಯವು ಗೊತ್ತಾದ ಕ್ಷಣದಲ್ಲಿ ಎಚ್ಚರಗೊಳ್ಳಲೇಬೇಕಾದೆಡೆ, ಬೇರಾವನೋ ಪುಟವನ್ನು ನೋಡುತ್ತಿರುವನೆಂದು ಪ್ರೊಸೆಸರು ಬಿಡುಗಡೆಯಾಗದಿದ್ದರೆ ಅದು ಸಹಿಸತಕ್ಕುದಲ್ಲ. ಪ್ರಿಯೆಂಪ್ಟ್ ಆರ್‌ಟಿ ಎಂಬ ಆ ಪರಂಪರೆಯವರು ತಮ್ಮ ಪ್ರತ್ಯೇಕ ಪಾಠದಲ್ಲಿ ಇದಕ್ಕೆ ಬೇರೆಯೇ ಪರಿಹಾರವನ್ನು ಇಟ್ಟುಕೊಂಡಿದ್ದರು. ಅದನ್ನು ಸಾಮಾನ್ಯಗೊಳಿಸಿ ಮುಖ್ಯ ಪಾಠಕ್ಕೆ 2020ರಲ್ಲಿ ತಂದವರು ಥಾಮಸ್ ಗ್ಲೈಕ್ಸ್‌ನರ್. 2021ರ ಫೆಬ್ರವರಿಯ 5.11ನೆಯ ಆವೃತ್ತಿಯಲ್ಲಿ ‘ಕೆಮ್ಯಾಪ್ ಲೋಕಲ್ ಪೇಜ್’ ಎಂಬ ಹೆಸರಿನಿಂದ ಅದು ಪ್ರಕಟವಾಯಿತು.

ಇಲ್ಲಿ ಕಿಟಕಿಯು ಪ್ರೊಸೆಸರಿನಲ್ಲಿಯೇ ಇರುವುದು, ಆದರೆ ಅದರ ಒಡೆತನವು ಕಾರ್ಯದ್ದು. ಕಾರ್ಯವು ಪ್ರೊಸೆಸರನ್ನು ಬಿಟ್ಟು ಹೊರಡುವಾಗ, ತೆರೆದಿದ್ದ ಕಿಟಕಿಗಳ ಸಾಲುಗಳನ್ನು ಕೋಷ್ಟಕದಿಂದ ತೆಗೆಯಲಾಗುವುದು, ಅವುಗಳ ವಿವರವು ಕಾರ್ಯದ ಬಳಿಯಲ್ಲಿಯೇ ಉಳಿಯುವುದು; ಹಿಂದಿರುಗಿ ಬಂದಾಗ ಅವೇ ಕಿಟಕಿಗಳಲ್ಲಿ ಅವೇ ಪುಟಗಳನ್ನು ಮತ್ತೆ ನಿಲ್ಲಿಸಲಾಗುವುದು. ಯಾತ್ರಿಕನು ಛತ್ರವನ್ನು ಬಿಡುವಾಗ ತನ್ನ ಗಂಟನ್ನು ಕಟ್ಟಿಕೊಂಡು ಹೋಗಿ, ಬಂದಾಗ ಅದೇ ಗೂಡಿನಲ್ಲಿ ಬಿಚ್ಚಿಡುವಂತೆ. ಆದುದರಿಂದ ಮಲಗಬಹುದು, ಪುಟದೋಷವೂ ಬರಬಹುದು, ಅಡ್ಡಿಯ ಕರೆಯೊಳಗೂ ಬಳಸಬಹುದು. ಕೊನೆಗೆ ತೆರೆದುದನ್ನು ಮೊದಲು ಮುಚ್ಚುವ ಕ್ರಮವು ಮಾತ್ರ ತಪ್ಪಲಿಲ್ಲ. ವಿಳಾಸವನ್ನು ಬೇರೊಂದು ಕಾರ್ಯದ ಕೈಗೆ ಕೊಡುವಂತೆಯೂ ಇಲ್ಲ. ‘ಲೋಕಲ್’ ಎಂಬ ವಿಶೇಷಣದ ತಾತ್ಪರ್ಯವಿದು.

ದೋಷವಿಲ್ಲದ ಪರಿಹಾರವಲ್ಲ. ಕಿಟಕಿಯ ವಿಳಾಸವು ಪ್ರೊಸೆಸರಿನ ಸಂಖ್ಯೆಯನ್ನು ಅವಲಂಬಿಸಿರುವುದರಿಂದ, ಅದು ತೆರೆದಿರುವವರೆಗೆ ಕಾರ್ಯವು ಬೇರೆ ಪ್ರೊಸೆಸರಿಗೆ ವಲಸೆಹೋಗುವಂತಿಲ್ಲ. ಕಾರ್ಯಗಳನ್ನು ಪ್ರೊಸೆಸರುಗಳಿಗೆ ಹಂಚುವ ಭಾಗದವರಿಗೆ, ಅವರಲ್ಲಿ ಜಿಲ್ಸ್ಟ್ರಾ ಅವರಿಗೂ, ಇದು ಹಿತವಾಗಲಿಲ್ಲ. ಒಂದು ಪ್ರೊಸೆಸರು ಸುಮ್ಮನಿದ್ದರೂ ಕಾರ್ಯವು ಇನ್ನೊಂದರ ಬಾಗಿಲಲ್ಲಿ ಸರದಿಗಾಗಿ ಕಾದೀತೆಂಬ ಆಕ್ಷೇಪಕ್ಕೆ ಉತ್ತರವಿರಲಿಲ್ಲ. ಕೊನೆಗೆ ನಿಂತ ಒಪ್ಪಂದವೆಂದರೆ, ವಲಸೆಯ ನಿಷೇಧವು ಹೈಮೆಮ್ಮಿನ ಪುಟಕ್ಕೆ ನಿಜವಾಗಿ ಕಿಟಕಿ ತೆರೆದಾಗ ಮಾತ್ರ. 64 ಬಿಟ್ಟಿನ ಯಂತ್ರದಲ್ಲಿ ಯಾವ ನಿಷೇಧವೂ ಇಲ್ಲ, ಯಾವ ವೆಚ್ಚವೂ ಇಲ್ಲ. 32 ಬಿಟ್ಟಿನ ಹಳೆಯ ಯಂತ್ರಗಳಲ್ಲಿ ಕಾರ್ಯ ಬದಲಾಯಿಸುವುದು ಸ್ವಲ್ಪ ನಿಧಾನವಾಯಿತು. ಇದು ಅವುಗಳಿಗೆ ಅನ್ಯಾಯವೆಂದು ಹೇಳುವವರಿರಬಹುದು. ಆದರೆ 1999ರ ಕೆಮ್ಯಾಪಿನಲ್ಲಿ ಎಲ್ಲ ಪ್ರೊಸೆಸರುಗಳ ಮೇಲೂ, ಅಟಾಮಿಕ್ಕಿನಲ್ಲಿ ಎಲ್ಲ ಯಂತ್ರಗಳ ಮೇಲೂ ಬಿದ್ದಿದ್ದ ವೆಚ್ಚವು, ಈ ಮೂರನೆಯ ರೂಪದಲ್ಲಿ ಕಿಟಕಿಯು ಬೇಕಾದವನ ಮೇಲೆ ಮಾತ್ರ ಬಿದ್ದಿತೆಂಬುದನ್ನು ಗಮನಿಸಿದರೆ, ಮೂರರಲ್ಲಿ ಇದೇ ನ್ಯಾಯವಾದುದೆಂದು ಒಪ್ಪಬೇಕಾಗುವುದು.

ಅನಂತರ ಹಳೆಯ ಎರಡು ಮಾತುಗಳನ್ನೂ ಬಳಸಬಾರದವೆಂದು ಕರ್ನಲ್ಲಿನ ದಸ್ತಾವೇಜಿನಲ್ಲಿ ಸೂಚಿಸಲಾಯಿತು. ಮೂಲಪಾಠದ ಭಾಗಭಾಗಗಳಲ್ಲಿ ಅವುಗಳನ್ನು ಹೊಸ ಮಾತಿಗೆ ಮಾರ್ಪಡಿಸುವ ಕೆಲಸವು ವರ್ಷಗಟ್ಟಲೆ ನಡೆಯಿತು. 2024ರ 6.12ನೆಯ ಆವೃತ್ತಿಯಲ್ಲಿ ನಿಯತಕಾಲದ ಪರಂಪರೆಯು ಮುಖ್ಯ ಪಾಠದಲ್ಲಿ ಪೂರ್ಣವಾಗಿ ಸೇರಿತು. 2025ರಲ್ಲಿ ಇಂಟೆಲ್ ಪಂಗಡದ 32 ಬಿಟ್ಟಿನ ಯಂತ್ರಗಳಿಗೆ 64 ಗಿಗಾಬೈಟಿನವರೆಗಿದ್ದ ಆಧಾರವನ್ನು ತೆಗೆದುಹಾಕಲಾಯಿತು. ಯಾವುದಕ್ಕಾಗಿ ಈ ಕಿಟಕಿಗಳು ಹುಟ್ಟಿದುವೋ ಅದೇ ಹೋಯಿತು.

ಆದರೂ ಉಪಾಯವು ಅಳಿಯಲಿಲ್ಲ. 2019ರ 5.2ನೆಯ ಆವೃತ್ತಿಯಲ್ಲಿ, 64 ಬಿಟ್ಟಿನ ಯಂತ್ರಗಳಲ್ಲಿಯೇ, ಒಂದು ಹೊಸ ತಾತ್ಕಾಲಿಕ ಜೋಡಣೆಯು ಸೇರಿದ್ದಿತು. ಕರ್ನಲ್ಲು ನಡೆಯುತ್ತಿರುವಾಗಲೇ ತನ್ನ ಆಜ್ಞೆಗಳನ್ನು ತಿದ್ದಿಕೊಳ್ಳಬೇಕಾದ ಸಂದರ್ಭಗಳುಂಟು. ಆಗ ಬರೆಯಬಹುದಾದ ಕಿಟಕಿಯನ್ನು ಎಲ್ಲ ಪ್ರೊಸೆಸರುಗಳಿಗೂ ಕಾಣುವಂತೆ ತೆರೆದರೆ, ದುರುದ್ದೇಶದವನೊಬ್ಬನು ಬೇರೆ ಪ್ರೊಸೆಸರಿನಿಂದ ಅದೇ ಕಿಟಕಿಯಲ್ಲಿ ಕೈಯಿಟ್ಟಾನು. ಆದುದರಿಂದ ತಿದ್ದುವ ಪ್ರೊಸೆಸರು ಆ ಒಂದು ಕ್ಷಣ ಬೇರೆಯೇ ಪುಟಪಟ್ಟಿಯನ್ನು ಧರಿಸಿ, ಯಾದೃಚ್ಛಿಕವಾಗಿ ಆರಿಸಿದ ವಿಳಾಸದಲ್ಲಿ ಕಿಟಕಿಯನ್ನು ತೆರೆದು, ಬರೆದು, ಮುಚ್ಚಿ, ತನ್ನ ಹಳೆಯ ಪಟ್ಟಿಗೆ ಮರಳುವುದು. ಅಡ್ಡಿಯ ಕರೆಗಳು ಆ ಹೊತ್ತಿನಲ್ಲಿ ತಡೆಯಲ್ಪಟ್ಟಿರುವುವು, 1975ರಲ್ಲಿದ್ದಂತೆಯೇ.